ಹಸಿವಿಗೆ ಹಾರ ಹಾಕುವವರು

ನನಗೆ ಸಿಟ್ಟು ಬರುವುದು ಕಡಿಮೆ. ಸ್ವಭಾವ ಒಳ್ಳೆಯದು ಅಂತಲ್ಲ. ಚಿಂತೆಯೇ ಇಡೀ ಮನೆಯನ್ನು ಬಾಡಿಗೆ ಹಿಡಿದು ಕೂತಿರುವಾಗ ಸಿಟ್ಟಿಗೆ ಕೋಣೆ ಎಲ್ಲಿಂದ ಕೊಡಲಿ? ನಿಪ್ಪಾಣಿಯ ನಮ್ಮ ಮನೆಯಿಂದ ಶಾಲೆಗೆ ಹೊರಟವಳು ತಂಬಾಕಿನ ವಖಾರಿಯ ತಿರುವಿನಿಂದ ವಾಪಸ್ ಬಂದು ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ನೋಡಿ ಹೋಗುತ್ತೇನೆ. ಬಸ್ಸು ಹತ್ತಿದರೆ ಹೊಳೆಯ ಸೇತುವೆ ಎಷ್ಟು ಹಳೆಯದೆಂದು ಪಕ್ಕದವರನ್ನು ಕೇಳುತ್ತೇನೆ. ನನ್ನ ಗಂಡ ಬಂದವರ ಮುಂದೆಲ್ಲ, "ನಮ್ಮಾಕಿಗೆ ಚಿಂತಿ ಇಲ್ಲದ ದಿನ ಜ್ವರ ಬರ್ತಾವರಿ" ಅನ್ನುತ್ತಾನೆ. ಅದು ಸುಳ್ಳೇನಲ್ಲ.

ಇಂಥವಳಿಗೂ ಒಂದು ಭಾದ್ರಪದದಲ್ಲಿ ಸಿಟ್ಟು ಬಂತು. ಬಂದದ್ದು ಇನ್ನೂ ಪೂರ್ತಿ ಇಳಿದಿಲ್ಲ. ಅದಕ್ಕೆ ಕಾರಣ ಒಂದು ಪುಸ್ತಕ, ಮತ್ತು ನನ್ನ ಅತ್ತೆ. ಅತ್ತೆಯೆಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ.

ಪುಸ್ತಕದ್ದು ಮೊದಲು ಹೇಳುತ್ತೇನೆ. ತೊಂಬತ್ತರ ದಶಕದ ಆರಂಭ. ನಮ್ಮ ಶಾಲೆಯಲ್ಲಿ ಮರಾಠಿ ಕಲಿಸುವ ಗೆಳತಿಯೊಬ್ಬಳು ವಾಚನಾಲಯದಿಂದ ತಂದ ಪುಸ್ತಕವನ್ನು ನನ್ನ ಚೀಲಕ್ಕೆ ತುರುಕಿದಳು. "ಓದ್ರಿ ಬಾಯಾರ, ಮನಸಿಗೆ ಧೈರ್ಯ ಬರ್ತೈತಿ. ನಿಮಗ ಭಾಳ ಅವಶ್ಯ ಐತಿ" ಅಂದಳು. ನಮ್ಮ ಕಡೆ ಶಿಕ್ಷಕಿಯರನ್ನು ಬಾಯಾರ ಅನ್ನುತ್ತಾರೆ. ಹುಡುಗಿಯಾಗಿದ್ದಾಗ ನಾಜಿಗಳ ಶಿಬಿರಕ್ಕೆ ಸಾಗಿಸಲ್ಪಟ್ಟು, ಬದುಕಿ ಹೊರಬಂದ ಯಹೂದಿ ಹೆಂಗಸೊಬ್ಬಳು ಮುಪ್ಪಿನಲ್ಲಿ ಬರೆದ ನೆನಪುಗಳ ಮರಾಠಿ ಅನುವಾದ ಅದು. ಬೆನ್ನಿನ ರಟ್ಟಿನ ಮೇಲೆ ಪ್ರಕಾಶಕರು ಬರೆಸಿದ್ದರು: ಇದನ್ನು ಓದಿದರೆ ನಿಮ್ಮ ಕಷ್ಟಗಳು ಕಷ್ಟವೇ ಅಲ್ಲವೆನಿಸುತ್ತವೆ ಎನ್ನುವ ಅರ್ಥದ ಮಾತು. ತಲೆನೋವಿನ ಗುಳಿಗೆಯ ಜಾಹೀರಾತಿನ ಹಾಗೆ.

ನಾನೂ ಆಸೆಯಿಂದಲೇ ಓದತೊಡಗಿದೆ. ಯಾರಿಗೆ ಬೇಡ, ಪುಕ್ಕಟೆ ಧೈರ್ಯ? ಆದರೆ ಒಳಗೆ ಬೇರೆಯೇ ಇತ್ತು. ಆಕೆಯ ತಾಯಿ ತಾನು ಆಗಲೇ ತಿಂದೆನೆಂದು ಸುಳ್ಳು ಹೇಳಿ ತನ್ನ ಬ್ರೆಡ್ಡಿನ ತುಂಡನ್ನು ಮಗಳಿಗೆ ಕೊಡುತ್ತಿದ್ದಳು. ಒಂದು ಬೆಳಗ್ಗೆ ತಾಯಿ ಏಳಲಿಲ್ಲ. ಮಗಳು ಉಳಿದಳು. ಆಮೇಲಿನ ಬದುಕಿನಲ್ಲಿ ಊರೂರಿಗೆ ಕರೆದು ಜನ ಆಕೆಯನ್ನು ಕೇಳುತ್ತಿದ್ದರಂತೆ: ಬದುಕುವ ಆಶೆಯೇ ಅಲ್ಲವೇ ನಿಮ್ಮನ್ನು ಉಳಿಸಿದ್ದು? ಆ ಪ್ರಶ್ನೆ ಕೇಳಿದಾಗಲೆಲ್ಲ ಆಕೆಗೆ ಮೈ ಉರಿಯುತ್ತಿತ್ತಂತೆ. ತನ್ನ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗಿಗೆ ತನಗಿಂತ ಹೆಚ್ಚು ಆಶೆಯಿತ್ತು, ಅವಳು ಸತ್ತಳು. ಆಶೆ ಇತ್ತು, ಅದು ತನ್ನದು, ಅದನ್ನು ಬಿಟ್ಟುಕೊಡಲಿಲ್ಲ ನಿಜ. ಆದರೆ ಆಶೆಯನ್ನು ಹೊಗಳುವ ಭರದಲ್ಲಿ ಬಾಗಿಲು ಹಾಕಿ ಕೀಲಿ ಜಡಿದವರನ್ನು ಜನ ಮರೆತೇಬಿಡುತ್ತಾರಲ್ಲ ಎಂಬುದು ಆಕೆಯ ತಕರಾರು. ಅಷ್ಟನ್ನು ಓದಿ ಪುಸ್ತಕ ತಿರುವಿ ರಟ್ಟಿನ ಮೇಲಿನ ಮಾತನ್ನು ಮತ್ತೆ ನೋಡಿದೆ. ಬರೆಸಿದವರು ಒಳಗಿನ ಪುಟ ತೆರೆದೇ ಇರಲಿಕ್ಕಿಲ್ಲ.

ಗಣಪತಿ ಹಬ್ಬದ ರಜೆಯಲ್ಲಿ ಆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡೇ ತವರಿಗೆ ಹೋದೆ. ತವರು ಭೋಜ ಎಂಬ ಊರಿನ ಆಚೆಗಿನ ಒಂದು ಹಳ್ಳಿ. ನಾವು ಜೈನರು, ಒಕ್ಕಲುತನದವರು. ಗಣಪತಿಯ ಮರುದಿನದಿಂದ ನಮ್ಮ ದಶಲಕ್ಷಣ ಪರ್ವ ಶುರು, ಹತ್ತು ದಿನ. ಕೈಲಾಗುವವರು ಬರೀ ನೀರಿನ ಮೇಲೆ ಹತ್ತೂ ದಿನ ಉಪವಾಸ ಮಾಡುತ್ತಾರೆ. ಮುಗಿದ ಮೇಲೆ ಅಂಥವರನ್ನು ಸಿಂಗರಿಸಿದ ಗಾಡಿಯಲ್ಲಿ ಕೂರಿಸಿ, ಬ್ಯಾಂಡು ಹಚ್ಚಿ ಮೆರೆಸುವುದು, ಬಳಗದವರು ಸೀರೆಯ ಆಹೇರು, ಅಂದರೆ ಉಡುಗೊರೆ, ಮಾಡುವುದು ನಮ್ಮಲ್ಲಿ ರೂಢಿ. ಅದು ದೊಡ್ಡ ಮಾನ. ನನಗೂ ಆ ಉಪವಾಸದ ಬಗ್ಗೆ ಗೌರವವೇ ಇದೆ. ನಾನಂತೂ ಚಹಾ ಅರ್ಧ ತಾಸು ತಡವಾದರೆ ಪ್ರಾಣ ಬಿಡುವವಳು.

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಹಾಗೆಯೇ ಅಣ್ಣ ಸುದ್ದಿ ಹೇಳಿದ.

"ಈ ಸರ್ತಿ ಅತ್ತಿ ಹತ್ತೂ ದಿನದ ಉಪವಾಸ ಮಾಡಾಕಿ. ಬಸದ್ಯಾಗ ಹೆಸರ ಕೊಟ್ಟೇನಿ. ರಾಯಬಾಗ, ಅಥಣಿ ಬೀಗರಿಗೆಲ್ಲಾ ಹೇಳಿ ಕಳಿಸೇನಿ."

"ಅತ್ತಿನ್ನ ಕೇಳಿಯೇನಣ್ಣಾ?"

"ಕೇಳೂದೇನೈತಿ? ವರ್ಷಾನಗಟ್ಲೆ ಏಕಾಸನ ಮಾಡ್ಕೋತ ಬಂದಾಳ. ದಿನಾ ಒಂದ ಹೊತ್ತು ಉಣ್ಣಾಕಿಗೆ ಹತ್ತು ದಿನ ಅಂದ್ರ ಏನ ಮಹಾ?"

ಅತ್ತೆ ಕಂಬಕ್ಕೆ ಒರಗಿ ಹೆಸರುಕಾಳು ಹಸನು ಮಾಡುತ್ತಿದ್ದಳು. ತಲೆ ಎತ್ತದೆ, "ನಿಮ್ಮ ಮನಸಿನ್ಯಾಗ ಇದ್ದಂಗ ಆಗಲಿ" ಅಂದಳು. ಮದುವೆಯಾದ ಮೂರನೆಯ ವರ್ಷಕ್ಕೆ ಗಂಡ ತೀರಿ ತವರಿಗೆ ಬಂದವಳು. ಮೊದಲು ತಮ್ಮನ ಮನೆ, ಅಂದರೆ ನಮ್ಮಪ್ಪನದು; ಈಗ ತಮ್ಮನ ಮಗನದು. ಆ ಮನೆಯ ಎಲ್ಲ ಕೂಸುಗಳ ಕುಂಡಿ ತೊಳೆದವಳು ಆಕೆ. ಆದರೂ ಅಲ್ಲಿ ತನಗೆ ಇಂಥದು ಬೇಕು ಎಂದು ಆಕೆ ಬಾಯಿಬಿಟ್ಟದ್ದನ್ನು ನಾನು ಕೇಳಿಲ್ಲ. ಕುಪ್ಪಸದ ತೋಳು ಸಡಿಲಾಗಿ ಪಿನ್ನು ಹಾಕಿಕೊಂಡಿದ್ದಳು. ಹೋದ ತಿಂಗಳು ದನಕ್ಕೆ ನೀರಿಡಲು ಹೋಗಿ ಕಣ್ಣಿಗೆ ಕತ್ತಲೆ ಬಂದು ಕುಕ್ಕರಿಸಿದ್ದಳೆಂದು ವೈನಿ, ಅಂದರೆ ಅಣ್ಣನ ಹೆಂಡತಿ, ಮಾತಿನ ನಡುವೆ ಹೇಳಿದಳು. ನನ್ನ ಎದೆ ಧಸಕ್ಕೆಂದಿತು. ಹತ್ತು ದಿನ ನೀರಿನ ಮೇಲೆ ಕೂತರೆ ಈ ಮುದುಕಿ ಹನ್ನೊಂದನೆಯ ದಿನ ಏಳುತ್ತಾಳೆಯೇ?

ನನ್ನ ಎದೆ ದಿನಕ್ಕೆ ನಾಲ್ಕು ಸಲ ಹಾಗೆ ಅನ್ನುತ್ತದೆ, ಅದರ ಮಾತು ಯಾರೂ ನಂಬುವುದಿಲ್ಲ. ಅಣ್ಣ, "ಶುರು ಆತ ನೋಡ ಇಕಿದು" ಅಂದು ಹೊಲಕ್ಕೆ ಹೋದ.

ಮಧ್ಯಾಹ್ನ ಊರಿನ ನಿವೃತ್ತ ಮುಖ್ಯಾಧ್ಯಾಪಕರು ಬಂದರು. ಎಲ್ಲರೂ ಗುರೂಜಿ ಅನ್ನುತ್ತಾರೆ. ಮೈಕು ಸಿಕ್ಕರೆ ಬಿಡದ ಮನುಷ್ಯ. ಮರುದಿನ ಬಸದಿಯಲ್ಲಿ ಉಪವಾಸ ಹಿಡಿಯುವವರ ಸತ್ಕಾರವಿತ್ತು, ಭಾಷಣ ಅವರದೇ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಏನೆಂದು ಕೇಳಿದರು. ಹೇಳಿದೆ. ಕಣ್ಣು ಮುಚ್ಚಿ ಕೇಳುತ್ತಿದ್ದವರು ಆಶೆ ಎಂಬ ಶಬ್ದ ಬಂದ ಕೂಡಲೇ ಕಣ್ಣು ತೆರೆದರು. "ಭಾಳ ಛಲೋ ಉದಾಹರಣಾ" ಅಂದರು. ಆಮೇಲೆ ನಾನು ಹೇಳಿದ್ದನ್ನು ಕೇಳಲಿಲ್ಲ. ಬಸದಿಯ ಕಡೆಗೆ ಹೊರಟೇಬಿಟ್ಟರು.

ಅಂದು ಸಂಜೆ ನಾನೊಂದು ನೋಡಿದೆ. ಎಷ್ಟೋ ವರ್ಷ ಕಣ್ಣ ಮುಂದೆಯೇ ಇತ್ತು; ನೋಡಿರಲಿಲ್ಲ.

ಹಿತ್ತಲಿನ ಮೆಟ್ಟಿಲ ಮೇಲೆ ಅತ್ತೆ ಕೂತಿದ್ದಳು. ಎದುರಿಗೆ ದನದ ಕೊಟ್ಟಿಗೆಯ ಬಿಳಿ ಗೋಡೆ. ಗೋಡೆಯ ಮೇಲೆ ಬಿಸಿಲು ಮೇಲಕ್ಕೆ ಸರಿಯುತ್ತಿತ್ತು, ಕೆಳಗಿನಿಂದ ನೆರಳು ಏರುತ್ತಿತ್ತು. ಅತ್ತೆ ಗೋಡೆಯನ್ನು ನೋಡುವಳು, ತಿರುಗಿ ಅಡುಗೆಮನೆಯ ಕಡೆ ನೋಡುವಳು. ಒಳಗೆ ಒಲೆ ತಣ್ಣಗಿತ್ತು. ನಮ್ಮಲ್ಲಿ ವ್ರತಸ್ಥರು ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗಿಡುವುದಿಲ್ಲ. ಅಜ್ಜ ಇದ್ದಾಗ ಇಡೀ ಮನೆಗೇ ಹಗಲೂಟ. ಆಮೇಲೆ ಕಬ್ಬು ಬಂತು, ಹೊಳೆಯಿಂದ ಪೈಪು ಬಂತು, ಪಂಪಿಗೆ ಕರೆಂಟು ಸಂಜೆ ಹೊತ್ತು ಬರತೊಡಗಿತು. ಗಂಡಸರು ನೀರು ಹಾಯಿಸಿ ಮನೆಗೆ ಬರುವುದು ಎಂಟಕ್ಕೆ. ಅವರಿಗೆ ಬಿಸಿ ರೊಟ್ಟಿ ಬೇಕು, ಆದ್ದರಿಂದ ಒಲೆ ಹತ್ತುವುದು ಏಳಕ್ಕೆ. ಒಬ್ಬೊಬ್ಬರಾಗಿ ಎಲ್ಲರೂ ರಾತ್ರಿ ಊಟಕ್ಕೆ ಹೊಂದಿಕೊಂಡರು. ಹುಡುಗಿಯಾಗಿದ್ದಾಗಲೇ ರಾತ್ರಿ ಉಣ್ಣದ ನೇಮ ಹಿಡಿದ ಅತ್ತೆಯೊಬ್ಬಳೇ ಹೊಂದಿಕೊಳ್ಳಲಿಲ್ಲ.

ಗೋಡೆಯ ಮೇಲಿನ ಬಿಸಿಲು ಹೆಂಚಿಗೇರಿ ಹೋಯಿತು. ಅತ್ತೆ ಎದ್ದು ತಂಬಿಗೆಯ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಿ, ಜಪದ ಮಣಿ ತೆಗೆದುಕೊಂಡು ಕೂತಳು. ಒಳಗಿನಿಂದ ವೈನಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ನಮ್ಮ ಅತ್ತಿದು ಏಕಾಸನ ನೋಡ್ರಿ, ಸಂಜಿಗೆ ಏನೂ ಮುಟ್ಟಂಗಿಲ್ಲ. ಪುಣ್ಯವಂತಿ."

ಆ ಶಿಬಿರಕ್ಕೂ ನಮ್ಮ ಮನೆಗೂ ಹೋಲಿಕೆ ಮಾಡುತ್ತಿಲ್ಲ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನ್ನ ಸಿಟ್ಟೆಲ್ಲ ಹೋಲಿಸುವವರ ಮೇಲೆಯೇ. ಅಲ್ಲಿ ಒಂದು ಸರಕಾರ ಒಂದು ಜನಾಂಗವನ್ನೇ ಅಳಿಸಲೆಂದು ಬೇಲಿ ಕಟ್ಟಿತ್ತು, ಬಂದೂಕು ಹಿಡಿದು ಕಾವಲು ನಿಂತಿತ್ತು. ನಮ್ಮ ಮನೆಯಲ್ಲಿ ರೊಟ್ಟಿಯ ಬುಟ್ಟಿಗೆ ಮುಚ್ಚಳವೂ ಇರಲಿಲ್ಲ, ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಸತ್ತವರಿಗೆ ಮಾಡುವ ಅವಮಾನ. ಆದರೆ ಆ ಹೆಂಗಸು ತಾಳಿಕೊಂಡವರನ್ನು ಹೊಗಳುವವರ ಬಗ್ಗೆ ಬರೆದಿದ್ದಳಲ್ಲ, ಆ ಮಾತು ನನ್ನ ಕಣ್ಣಿಗೆ ಕನ್ನಡಕ ಹಾಕಿತ್ತು. ಪುಣ್ಯವಂತಿ ಅನ್ನುವುದು ಎಷ್ಟು ಅಗ್ಗ! ಒಂದು ಶಬ್ದ ಖರ್ಚು ಮಾಡಿದರೆ ಒಂದು ಹೊತ್ತು ಒಲೆ ಹಚ್ಚುವುದು ಉಳಿಯುತ್ತದೆ.

ಮರುದಿನ ಮಧ್ಯಾಹ್ನ ಬಸದಿಯ ಮುಂದಿನ ಮಂಟಪದಲ್ಲಿ ಹೆಂಗಸರು ತುಂಬಿದ್ದರು. ಉಪವಾಸಕ್ಕೆ ಹೆಸರು ಕೊಟ್ಟವರನ್ನು ಮುಂದೆ ಕೂರಿಸಿದ್ದರು, ಅವರ ನಡುವೆ ಅತ್ತೆ. ನೇಮ ಕೊಡುವುದು ಮರುದಿನ ಬೆಳಗ್ಗೆ. ಗುರೂಜಿ ಮೈಕು ಊದಿ ನೋಡಿದರು.

"ತಾಯಂದಿರ, ಪರದೇಶದಾಗ ಒಬ್ಬಾಕಿ ಹುಡುಗಿ. ಶಿಬಿರದಾಗ ವರ್ಷಗಟ್ಲೆ ಅರಿಹೊಟ್ಟಿ. ಆದ್ರೂ ಮಾರಿ ಮ್ಯಾಲಿನ ನಗಿ ಮಾಸಲಿಲ್ಲ. ಯಾಕ? ಸಂಯಮ. ಅಕಿ ಆಹಾರ ತ್ಯಾಗ ಮಾಡಿದ್ಲು, ಆಶಾ ತ್ಯಾಗ ಮಾಡ್ಲಿಲ್ಲ. ಅಂಥಾ ತಪಸ್ವಿನಿ ನಮ್ಮೂರಾಗೂ ಒಬ್ಬಾಕಿ ಅದಾಳ."

ಹೀಗೆ ಹೇಳಿ ಅತ್ತೆಯ ಕೊರಳಿಗೆ ಚೆಂಡುಹೂವಿನ ಹಾರ ಹಾಕಿಸಿದರು. ಚಪ್ಪಾಳೆ ಬಿತ್ತು. ಅತ್ತೆಯ ಬಡಕಲು ಕೊರಳಿಗೆ ಆ ಹಾರ ಭಾರವಾಗಿ ಕಾಣುತ್ತಿತ್ತು.

ತ್ಯಾಗವಂತೆ. ಕಸಿದುಕೊಂಡದ್ದಕ್ಕೆ ತ್ಯಾಗವೆಂದು ಹೆಸರಿಟ್ಟರೆ ಕಳ್ಳರೆಲ್ಲ ದಾನ ತೆಗೆದುಕೊಂಡವರಾಗುತ್ತಾರೆ. ತರಗತಿಯ ಹುಡುಗಿಯರ ಮುಂದೆ ಬಿಟ್ಟರೆ ನಾನು ಎಲ್ಲೂ ಎದ್ದು ನಿಂತು ಮಾತಾಡಿದವಳಲ್ಲ. ಅಲ್ಲಿಯೂ ಕುರ್ಚಿ ಹಿಡಿದುಕೊಂಡೇ. ಆದರೂ ಎದ್ದೆ.

"ಗುರೂಜಿ, ಆ ಪುಸ್ತಕ ನಾ ಓದೇನ್ರಿ. ಅಕಿ ಏನೂ ತ್ಯಾಗ ಮಾಡಿಲ್ರಿ. ಅಕಿಗೆ ಕೂಳ ಕೊಟ್ಟಿಲ್ಲ. ಕೊಡದವ್ರ ಸುದ್ದಿನ ತಗೀಲಾರದ ಅಕಿಗೆ ಶಾಬಾಸ್ ಅಂದ್ರ ಹೆಂಗ್ರಿ?"

"ಬಾಯಾರ, ಭಾವ ತಗೋರಿ, ಭಾವ."

"ಮತ್ತ ಅಕಿ ನಕ್ಕಿದ್ದೂ ಎಲ್ಲೂ ಬರದಿಲ್ರಿ."

ಹಿಂದಿನಿಂದ ಯಾರೋ ಕಿಸಕ್ಕೆಂದರು. "ಸಾಲಿ ಕಲಿಸೋರ ಚಟ, ಎಲ್ಲಾರ ಪೇಪರೂ ತಿದ್ದತಾರ" ಅಂದಳು ಇನ್ನೊಬ್ಬಳು. ಗುರೂಜಿ ಕ್ಷಮೆಯ ಮಹತ್ವಕ್ಕೆ ಹೊರಳಿಕೊಂಡರು. ನಾನು ಕೂತೆ. ಇಷ್ಟಕ್ಕೂ ನಾನು ಕೇಳಬೇಕಾದವರು ಗುರೂಜಿ ಅಲ್ಲವೆಂದು ಆಗ ಹೊಳೆಯಿತು.

ಮನೆಗೆ ಬಂದ ಮೇಲೆ ಅಣ್ಣ ಗುಡುಗಿದ. ಸುದ್ದಿ ಅವನಿಗೆ ಹೊಲದಲ್ಲೇ ಮುಟ್ಟಿತ್ತು. ನೀರಿಗಿಂತ ಬೇಗ ಹಾಯುತ್ತದೆ ಅಲ್ಲಿ ಸುದ್ದಿ.

"ನಾಲ್ಕ ಮಂದ್ಯಾಗ ಮಾನ ಕಳದಿ. ಅಲ್ಲೆಲ್ಲೋ ಯಾರೋ ಸತ್ರಂತ, ಇಕಿಗೆ ಇಲ್ಲಿ ಸೂತಕ."

"ಅಣ್ಣಾ, ಬೈಯುವಂತಿ ಆಮ್ಯಾಲ. ಅತ್ತಿನ್ನ ಒಂದ ಮಾತ ಕೇಳ್ತೇನಿ, ನೀನೂ ಕೇಳು." ಅತ್ತೆಯ ಕಡೆ ತಿರುಗಿದೆ. "ಅತ್ತಿ, ಈ ಏಕಾಸನದ ನೇಮ ಯಾವಾಗ ತಗೊಂಡಿ? ಯಾರ ಮುಂದ ತಗೊಂಡಿ?"

ನೇಮವೆಂದರೆ ಸುಮ್ಮನೆ ಬರುವುದಲ್ಲ. ಮುನಿಗಳ ಮುಂದೆಯೋ ಬಸದಿಯ ಉಪಾಧ್ಯೆಯವರ ಮುಂದೆಯೋ ಕೈಮುಗಿದು, ಇಂಥದ್ದನ್ನು ಇಷ್ಟು ದಿನ ಬಿಡುತ್ತೇನೆಂದು ಬಾಯಿಬಿಟ್ಟು ಹೇಳಿ ತೆಗೆದುಕೊಳ್ಳಬೇಕು. ಇದು ಮನೆಯವರೆಲ್ಲರಿಗೂ ಗೊತ್ತು. ಆದರೂ ಇಷ್ಟು ವರ್ಷ ಯಾರೊಬ್ಬರೂ ಕೇಳಿರಲಿಲ್ಲ.

ಅತ್ತೆ ಹಾರ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದಳು. "ನಾ ಎಲ್ಲಿ ತಗೊಂಡೇನಿ ಯವ್ವಾ?" ಅಂದಳು. "ರಾತ್ರಿ ಉಣ್ಣಂಗಿಲ್ಲ ಅನ್ನೂದೊಂದ ನಂದು. ಏಕಾಸನ ನಂದಲ್ಲ. ಅದನ್ನ ತಗೊಂಡಿದ್ದು ಈ ಮನಿ ಒಲಿ."

ಅಣ್ಣ ವೈನಿಯನ್ನು ನೋಡಿದ. ವೈನಿಗೆ ಎಲ್ಲಿತ್ತೋ ಉರಿ.

"ನನ್ನನ್ಯಾಕ ನೋಡ್ತೀರಿ? ಐದಕ್ಕ ಒಮ್ಮೆ ಒಲಿ ಹಚ್ಚು, ಎಂಟಕ್ಕ ಒಮ್ಮೆ ಹಚ್ಚು, ನನಗೇನ ನಾಕ ಕೈ ಅದಾವು? ಬಿಸಿ ರೊಟ್ಟಿನ ಬೇಕು ಅಂದವ್ರು ನೀವು. 'ಅತ್ತಿ, ಏನಾರ ಮಾಡ್ಲಿ?' ಅಂತ ನಾ ಎಷ್ಟ ಸಲ ಕೇಳೇನಿ, ಬ್ಯಾಡ ಅಂತಾಳ. ಮುಂಜಾನಿ ಮಾಡಿದ ಬಿರಸ ರೊಟ್ಟಿ ತಿನ್ನಂದ್ರ ಹಲ್ಲಿಲ್ಲ ಅಕಿಗೆ." ಆಮೇಲೆ ನನ್ನತ್ತ ತಿರುಗಿ, "ಬಾಯಾರ, ನೀವು ವರ್ಷಕ್ಕೊಮ್ಮೆ ಬಂದು ಭಾಷಣ ಮಾಡ್ತೀರಿ. ಹೊತ್ತ ಇನ್ನೂ ಐತಿ, ಹೋಗಿ ಹಚ್ಚರಿ ಒಲಿ."

ಅದು ನ್ಯಾಯದ ಮಾತು. ಸಿಟ್ಟು ನನ್ನದು, ಒಲೆ ಅವಳದು. ಇದು ಹಳೆಯ ಕಥೆ. ನಾನು ಅಡುಗೆಮನೆಗೆ ಹೋದೆ.

ಸದಾ ಚಿಂತೆ ಮಾಡುವ ನನ್ನಂಥವಳಿಗೆ ಆ ಅರ್ಧ ತಾಸು ಹೇಗಿತ್ತೆಂದು ಏನು ಹೇಳಲಿ. ಭಾದ್ರಪದದ ಹಸಿ ಕಟ್ಟಿಗೆ, ಊದಿದರೆ ಬರೀ ಹೊಗೆ. ಕಿಟಕಿಯಿಂದ ಕೊಟ್ಟಿಗೆಯ ಗೋಡೆ ಕಾಣುತ್ತಿತ್ತು. ನೆರಳು ಅರ್ಧ ಏರಿಬಿಟ್ಟಿತ್ತು. ಜೋಳದ ಹಿಟ್ಟಿಗೆ ನೀರು ಹೆಚ್ಚಾಯಿತು, ಹಿಟ್ಟು ಹಾಕಿದೆ, ಹಿಟ್ಟು ಹೆಚ್ಚಾಯಿತು. ಬಡಿದ ಮೊದಲ ರೊಟ್ಟಿ ಹಂಚಿಗೆ ಹಾಕುವಷ್ಟರಲ್ಲಿ ಮೂರು ತುಂಡು. ಬಾಗಿಲಲ್ಲಿ ಅತ್ತೆ ನಿಂತು, "ಅವಸರ ಮಾಡಬ್ಯಾಡ ಕೂಸ, ಇವತ್ತಿಲ್ಲಾಂದ್ರ ನಾಳೆ" ಅನ್ನುತ್ತಿದ್ದಳು. ಆ ನಾಳೆಯೇ ಅಲ್ಲವೇ ಉಪವಾಸ? ನನಗೆ ಅಳು ಬಂತು. ಹೊಗೆ ಎಂದು ಕಣ್ಣೊರೆಸಿಕೊಂಡೆ.

"ಸರೀರಿ," ಅಂತ ವೈನಿ ಮೊಣಕೈಯಿಂದ ನನ್ನನ್ನು ಆಚೆ ತಳ್ಳಿದಳು. "ನೀವು ರೊಟ್ಟಿ ಮಾಡೂದ್ರಾಗ ಚಂದ್ರ ಹುಟ್ಟತಾನ." ಗೊಣಗುತ್ತಲೇ ಕಟ್ಟಿಗೆ ಹಿರಿದು, ಬೆರಣಿ ಮುರಿದು ಹಾಕಿದಳು. ಉರಿ ಎದ್ದಿತು. ಅವಳ ಅಂಗೈಯಲ್ಲಿ ರೊಟ್ಟಿ ತಿರುಗುವುದನ್ನು ನೋಡುತ್ತಾ ನಾನು ಹೆಸರುಬೇಳೆಗೆ ಒಗ್ಗರಣೆ ಕೊಟ್ಟೆ. ಅಷ್ಟನ್ನು ಸೀಯಿಸದೆ ಮಾಡಿದೆ.

ಹೊತ್ತು ಇನ್ನೂ ಹೆಂಚಿನ ಮೇಲಿರುವಾಗ ಅತ್ತೆಯನ್ನು ಕೂರಿಸಿದೆವು. ಮೆತ್ತನ್ನ ಬಿಸಿ ರೊಟ್ಟಿ, ಬೇಳೆ, ತುಪ್ಪ. ಆಕೆ ಉಂಡದ್ದನ್ನು ನಾನು ವರ್ಣಿಸುವುದಿಲ್ಲ. ತಲೆ ತಗ್ಗಿಸಿ, ಯಾರನ್ನೂ ನೋಡದೆ ಉಂಡಳು. ಅಣ್ಣ ಆ ಕಡೆ ತಿರುಗಿ ನಿಂತ. ಗಟ್ಟಿ ಮನುಷ್ಯ ಅವನು, ಅತ್ತೆಯನ್ನು ಪ್ರೀತಿಸುತ್ತಾನೆ ಕೂಡ. ಹಾರಕ್ಕೆ, ಗಾಡಿಗೆ, ಬ್ಯಾಂಡಿಗೆ ತಯಾರಿದ್ದವನು. ಆಕೆಗೆ ಬೇಕಾಗಿದ್ದ ಒಂದೇ ಒಂದು ಮಾತ್ರ ಅವನ ತಲೆಗೆ ಹೊಳೆದಿರಲಿಲ್ಲ. ಇದನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ದುಷ್ಟರಾದರೆ ಬೈದು ಮುಗಿಸಬಹುದು. ಪ್ರೀತಿಯಿದ್ದೂ ಕುರುಡರಾದವರನ್ನು ಏನು ಮಾಡುವುದು?

ಕೈ ತೊಳೆದು ಬಂದು ಅತ್ತೆ ಅವನ ಹತ್ತಿರ ನಿಂತಳು.

"ತಮ್ಮಾ, ಹತ್ತು ದಿನ ನನ್ನ ಕಡಿಂದ ಆಗೂದಿಲ್ಲ. ಹೆಸರು ತಗಿಸು."

"ಬೀಗರಿಗೆ ಏನ ಹೇಳ್ಲಿ ಅತ್ತಿ?"

"ಮುದಕಿಗೆ ಹಸಿವಿ ಆಗೇತಿ ಅಂತ ಹೇಳು. ಅನಂತ ನೋಂಪಿದು ಒಂದ ದಿನ ಮಾಡ್ತೇನಿ. ಸಣ್ಣಾಕಿದ್ದಾಗಿಂದ ಮಾಡೇನಿ, ಅದು ನಂದು. ಉಳಿದದ್ದು ಮಂದಿದು."

ಅಣ್ಣ ಎರಡು ದಿನ ನನ್ನ ಕೂಡ ಮಾತು ಬಿಟ್ಟ. ಹೆಸರನ್ನು ಮಾತ್ರ ಅಂದೇ ಹೋಗಿ ತೆಗೆಸಿದ.

ಇದಕ್ಕೆಲ್ಲ ಆ ಹೆಂಗಸಿನ ಪುಸ್ತಕ ಕಾರಣವೆಂದರೆ ಆಕೆ ನಗಬಹುದು, ಸಿಟ್ಟಿಗೇಳಲೂ ಬಹುದು. ತಾಯಿ ಸತ್ತ ಬೆಳಗನ್ನು ಆಕೆ ಬರೆದದ್ದು ನಮ್ಮೂರಿನ ಮುದುಕಿಯೊಬ್ಬಳಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಸಿಗಲೆಂದಲ್ಲ. ಆದರೆ ಆ ಪುಸ್ತಕದಿಂದ ನಾನು ಆಶೆಯನ್ನು ತೆಗೆದುಕೊಳ್ಳಲಾರೆ. ಅದು ಆಕೆಯ ಸ್ವಂತದ್ದು, ಬೆಲೆ ತೆತ್ತವಳು ಆಕೆ. ಸಿಟ್ಟು ಮಾತ್ರ ಹಂಚಿಕೊಳ್ಳಲು ಬಂತು. ತಾಳಿಕೆಯ ಗುಣಗಾನ ಮಾಡುವ ಸಭೆಗಳು ನಮ್ಮ ಸೀಮೆಯಲ್ಲಿ ಈಗಲೂ ಕಡಿಮೆಯಾಗಿಲ್ಲ. ಹೋದ ವರ್ಷ ಗುರೂಜಿ ಪಕ್ಕದ ಊರಿನಲ್ಲಿ ಅದೇ ಕಥೆ ಹೇಳಿದರಂತೆ; ಹುಡುಗಿ ಇನ್ನೂ ನಗುತ್ತಲೇ ಇದ್ದಾಳಂತೆ.

ಆ ವರ್ಷ ಅನಂತ ಚತುರ್ದಶಿಯ ಉಪವಾಸವನ್ನು ಅತ್ತೆ ಮಾಡಿದಳು. ಪಾರಣೆಯ ದಿನ ನಾನು ಮೊದಲ ಬಸ್ಸಿಗೇ ಹೋದೆ, ಸೇತುವೆಯ ಮೇಲೆ ಕಣ್ಣು ಮುಚ್ಚಿಕೊಂಡು. ಹೋದಾಗ ಆಕೆ ಪಡಸಾಲೆಯಲ್ಲಿ ಗಂಜಿಯ ತಾಟಿನ ಮುಂದೆ ಕೂತಿದ್ದಳು. ಬಸದಿಯಿಂದ ಮೆರವಣಿಗೆ ಮುಗಿಸಿಕೊಂಡು ಹೆಂಗಸರು ಕಾಲು ಮುಟ್ಟಲು ಬಂದರು. ಜೊತೆಗೆ ಗುರೂಜಿ, ಕೈಯಲ್ಲಿ ಉಳಿದ ಒಂದು ಹಾರ. "ಒಂದ ದಿನ ಆದ್ರೂ ಉಪವಾಸ ಉಪವಾಸನ" ಅಂತ ಬಗ್ಗಿದರು.

ಅತ್ತೆ ಕಾಲು ಹಿಂದೆ ಎಳೆದುಕೊಂಡಳು.

"ಅಲ್ಲಿ ಗೂಟಕ್ಕ ಹಾಕ್ರಿ ಗುರೂಜಿ. ಗಂಜಿ ಆರತೈತಿ."

ಅವರು ನಿಂತೇ ಇದ್ದರು. ಆಕೆ ಇದ್ದಷ್ಟನ್ನೂ ಸುರಿದು ಕುಡಿದು, ತಾಟನ್ನು ವೈನಿಯ ಕಡೆ ಚಾಚಿದಳು.

"ಇನ್ನಷ್ಟ ಹಾಕು."

ವೈನಿ ಹಾಕಿದಳು.